ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಹಾಡು: ಯಾವುದು, ಯಾವಾಗ, ಹೇಗೆ?

ಕಾಪುವಿನ ಸೊಸೆ

ನನ್ನ ಅತ್ತೆಗೆ ಎಪ್ಪತ್ತೇಳು ವರ್ಷ. ಅಲ್ಜೈಮರ್ಸ್ ಎಂದು ಗೊತ್ತಾಗಿ ಕೆಲವು ವರ್ಷವಾಯಿತು. ಮಾತ್ರೆ ನಡೆಯುತ್ತಿದೆ. ಹಗಲು ಹೇಗೋ ಕಳೆಯುತ್ತದೆ. ಎರಡು ಹೊತ್ತು ಮಾತ್ರ ಮನೆಯವರಿಗೆಲ್ಲ ಕಷ್ಟ. ಒಂದು ಸ್ನಾನದ ಹೊತ್ತು. ನೀರು ಮೈಮೇಲೆ ಬಿದ್ದ ಕೂಡಲೇ ಕೂಗುತ್ತಾರೆ, ನನ್ನ ಕೈ ಗಟ್ಟಿಯಾಗಿ ಹಿಡಿದುಬಿಡುತ್ತಾರೆ. ಇನ್ನೊಂದು ಸಂಜೆ ದೀಪ ಇಡುವ ಹೊತ್ತು. "ಮನೆಗೆ ಹೋಗಬೇಕು" ಎಂದು ಸೆರಗು ಸರಿ ಮಾಡಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಾರೆ. ಇದೇ ನಿಮ್ಮ ಮನೆ ಎಂದರೆ ನಂಬುವುದಿಲ್ಲ.

ಅತ್ತೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಮಡಿಲಲ್ಲಿ ತಡ್ಪೆ (ಮೊರ), ಪಕ್ಕದಲ್ಲಿ ರೇಡಿಯೋ ಇಟ್ಟುಕೊಂಡು ಕೂತರೆ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ದುಬಾಯಿಯಲ್ಲಿರುವ ನಾದಿನಿ ಫೋನ್ ಮಾಡಿ "ಅತ್ತಿಗೆ, ಅಮ್ಮನಿಗೆ ಹಳೇ ಹಾಡು ಹಾಕಿ ನೋಡಿ, ಒಳ್ಳೆಯದಂತೆ" ಎಂದಳು. ಹಾಕಿದೆ. ನನ್ನ ಹೆಸರು ಬಾರದವರು ಇಡೀ ಪಲ್ಲವಿ ತಪ್ಪದೆ ಹೇಳಿದರು! ಮರುದಿನ ಅದೇ ಹಾಡಿಗೆ ಕಿವಿ ಮುಚ್ಚಿಕೊಂಡರು.

ಇದು ಹೇಗೆ ಆಗುತ್ತದೆ? ಯಾವ ಹಾಡು ಹಾಕಬೇಕು, ಎಷ್ಟು ಹೊತ್ತು? ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವವರು ದಯವಿಟ್ಟು ಬರೆಯಿರಿ.

ವಾರ್ಡಿನ ಸಿಸ್ಟರ್

ಅಕ್ಕ, ನಾನು ಮಂಗಳೂರಿನಲ್ಲಿ ಹಿರಿಯರ ವಾರ್ಡಿನಲ್ಲಿ ನರ್ಸ್. ನೀವು ಕಂಡದ್ದು ನಾವು ದಿನಾ ಕಾಣುವಂಥದ್ದೇ.

ಅಲ್ಜೈಮರ್ಸ್ ಮೊದಲು ತಾಗುವುದು ಹೊಸ ನೆನಪು ಕೂಡಿಡುವ ಜಾಗಕ್ಕೆ. ಬೆಳಿಗ್ಗೆ ತಿಂದ ತಿಂಡಿ, ಬಂದು ಹೋದ ನೆಂಟರು, ಸೊಸೆಯ ಹೆಸರು ಇವೆಲ್ಲ ಅಲ್ಲಿ ಜಾರುತ್ತವೆ. ಹಾಡು ಹಾಗಲ್ಲ. ರಾಗ, ತಾಳ, ಪದ, ಅದನ್ನು ಕೇಳಿದಾಗ ಆದ ಖುಷಿ, ಕೈ ತಟ್ಟುವ ಅಭ್ಯಾಸ, ಇವೆಲ್ಲ ಮಿದುಳಿನ ಬೇರೆ ಬೇರೆ ಕಡೆ ಕೂತಿರುತ್ತವೆ. ಬಹಳ ಕಾಲದಿಂದ ಗೊತ್ತಿರುವ ಹಾಡನ್ನು ಗುರುತಿಸುವಾಗ ಕೆಲಸ ಮಾಡುವ ಕೆಲವು ಭಾಗಗಳನ್ನು ಅಲ್ಜೈಮರ್ಸ್ ತಡವಾಗಿ ಹಾಳು ಮಾಡುತ್ತದೆ ಎಂದು 2015ರಲ್ಲಿ ಜರ್ಮನಿಯ ಲೈಪ್‌ಜಿಗ್‌ನ ಸಂಶೋಧಕರು ತೋರಿಸಿದ್ದಾರೆ. ಮಾತು ನಿಂತವರೂ ಹಾಡಿನ ಸಾಲು ಹೇಳುವುದು ಇದೇ ಕಾರಣಕ್ಕೆ ಇರಬಹುದು.

ಆದರೆ ಹಾಡಿನಿಂದ ನೆನಪು ವಾಪಸ್ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ವರದಿ ಅದುವರೆಗಿನ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿತ್ತು. ಮನಸ್ಸಿನ ಕುಗ್ಗುವಿಕೆ ಸ್ವಲ್ಪ ಕಡಿಮೆಯಾಗುತ್ತದೆ, ಒಟ್ಟಾರೆ ನಡವಳಿಕೆಯ ತೊಂದರೆಗಳೂ ಇಳಿಯಬಹುದು ಎಂದಿತು. ಜ್ಞಾಪಕ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ರೇಗಾಟದ ಮೇಲೂ ದೊಡ್ಡ ಪರಿಣಾಮ ಕಾಣಲಿಲ್ಲ. ನನ್ನ ವಾರ್ಡಿನಲ್ಲೂ ಹಾಗೇ. ಹಾಡು ಮುಗಿದ ಮೇಲೆ ಅವರಿಗೆ ನಮ್ಮ ಹೆಸರು ನೆನಪಾಗುವುದಿಲ್ಲ. ಆದರೆ ಆ ಹತ್ತು ನಿಮಿಷ ಅವರು ನಮ್ಮ ಜೊತೆ ಇರುತ್ತಾರೆ. ಆಮೇಲೆ ಊಟ ಕೊಟ್ಟರೆ ಬಾಯಿ ತೆರೆಯುತ್ತಾರೆ. ನೋಡಿಕೊಳ್ಳುವವರಿಗೆ ಅದು ಸಣ್ಣ ಸಂಗತಿ ಅಲ್ಲ.

ಕಿವಿ ಮುಚ್ಚಿಕೊಂಡರು ಅಂದ್ರಲ್ಲ. ಮೊದಲು ಕಿವಿಯಲ್ಲಿ ಗುಗ್ಗೆ ಕಟ್ಟಿದೆಯಾ ಡಾಕ್ಟರಿಗೆ ತೋರಿಸಿ. ಪಕ್ಕದಲ್ಲಿ ಮಿಕ್ಸಿ, ಟೀವಿ, ಮಕ್ಕಳ ಗಲಾಟೆ ಇತ್ತಾ ನೋಡಿ. ಎರಡು ಸದ್ದು ಒಟ್ಟಿಗೆ ಬಂದರೆ ಅವರಿಗೆ ಬೇರ್ಪಡಿಸಲು ಆಗುವುದಿಲ್ಲ. ಯೂಟ್ಯೂಬ್ ಆಗಿದ್ದರೆ ನಡುವೆ ಜಾಹೀರಾತು ಕಿರುಚಿತ್ತೋ ಏನೋ. ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಸಿ, ಸಣ್ಣ ಸ್ಪೀಕರಿನಲ್ಲಿ ಹಾಕಿ.

ಪಡುಬಿದ್ರಿಯವ

ಒಂದು ಲೆಕ್ಕ ಹೇಳುತ್ತೇನೆ. ಹತ್ತರಿಂದ ಮೂವತ್ತು ವರ್ಷದ ಒಳಗೆ ಕೇಳಿದ ಹಾಡು ಗಟ್ಟಿಯಾಗಿ ಉಳಿಯುತ್ತದೆ ಎನ್ನುತ್ತಾರೆ. ನಿಮ್ಮ ಅತ್ತೆ ಹುಟ್ಟಿದ್ದು 1948ರ ಆಸುಪಾಸು. ಅಂದರೆ 1958ರಿಂದ 1978. ಮಂಗಳೂರು ಆಕಾಶವಾಣಿ ಶುರುವಾದದ್ದೇ 1976ರಲ್ಲಿ. ಮೊದಲ ತುಳು ಸಿನಿಮಾ ಬಂದದ್ದು 1971ರಲ್ಲಿ. ಹಾಗಾಗಿ ಬೀಡಿ ಕಟ್ಟುವಾಗಿನ ರೇಡಿಯೋ ಹಾಡಿಗಿಂತ ಹಿಂದಕ್ಕೆ ಹೋಗಿ. ಹುಡುಗಿಯಾಗಿದ್ದಾಗ ಏಣೇಲು (ಮಳೆಗಾಲದ ಬೆಳೆ) ನಾಟಿಗೆ ಗದ್ದೆಗೆ ಇಳಿದಿದ್ದರಾ? ತಾಯಿ ಮನೆ ಹತ್ತಿರ ಭಜನಾ ಮಂದಿರ ಇತ್ತಾ? ಅವರ ತಮ್ಮ ತಂಗಿ ಯಾರಾದರೂ ಇದ್ದರೆ ಅವರನ್ನೇ ಕೇಳಿ.

ನಮ್ಮ ಅಪ್ಪನ ವಿಷಯದಲ್ಲಿ ಊರಿನವರೆಲ್ಲ ಯಕ್ಷಗಾನ ಹಾಕಿ ಎಂದರು. ಅಪ್ಪ ಹನ್ನೆರಡನೇ ವರ್ಷಕ್ಕೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದವರು. ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಹರೆಯದ ಹಾಡು ಪೂರಾ ಹಿಂದಿ, ಸ್ವಲ್ಪ ಮರಾಠಿ ಲಾವಣಿ. ಅದನ್ನು ಹಾಕಿದರೆ ಬೆರಳು ಮೇಜಿನ ಮೇಲೆ ಆಡುತ್ತದೆ. ನಮ್ಮ ಕರಾವಳಿಯಲ್ಲಿ ಎಷ್ಟು ಗಂಡಸರು ಹೀಗೆ ಹೋಗಿ ಬಂದವರು! ಊರು ನೋಡಿ ಹಾಡು ಆರಿಸಬೇಡಿ, ಮನುಷ್ಯನನ್ನು ನೋಡಿ ಆರಿಸಿ.

ಕುಂದಾಪ್ರದ ಮಗ

ಯಕ್ಷಗಾನದ ವಿಷಯ ಬಂದದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಅಪ್ಪಯ್ಯನಿಗೆ ಆಟ ಅಂದರೆ ಪ್ರಾಣ. ಭಾಗವತ ಕಾಳಿಂಗ ನಾವಡರ ಕ್ಯಾಸೆಟ್ ಮನೆಯಲ್ಲಿ ರಾಶಿ ಇತ್ತು. ಆದರೆ ಕಾಯಿಲೆ ಬಂದ ಮೇಲೆ ಸಂಜೆ ಹೊತ್ತಿಗೆ ಚೆಂಡೆ ಕೇಳಿದರೆ ಸಾಕು, "ಆಟ ಶುರುವಾಯ್ತು" ಎಂದು ಅಂಗಿ ಹಾಕಿಕೊಂಡು ಟಾರ್ಚ್ ಹುಡುಕುತ್ತಾರೆ. ಬಾಗಿಲು ಹಾಕಿದರೆ ಸಿಟ್ಟು. ಅವರ ಲೆಕ್ಕದಲ್ಲಿ ಅದು ಸರಿಯೇ ಅಲ್ವಾ? ಚೆಂಡೆ ಬಾರಿಸಿ ಕರೆದ ಮೇಲೆ ಮನೆಯಲ್ಲಿ ಕೂತಿರಿ ಎಂದರೆ ಹೇಗೆ?

ಈಗ ನಾವು ಹೊತ್ತು ಬದಲಿಸಿದ್ದೇವೆ. ಚೆಂಡೆ ಇರುವ ಯುದ್ಧದ ಪದ್ಯ ಬೆಳಿಗ್ಗೆ. ಆಗ ಕಾಲು ತಾನಾಗಿ ಕುಣಿಯುತ್ತದೆ, ಹಾಗೇ ಅಂಗಳದಲ್ಲಿ ಎರಡು ಸುತ್ತು ನಡೆಸುತ್ತೇವೆ. ಸಂಜೆಗೆ ಬರೀ ಮದ್ದಳೆ ಇರುವ ನಿಧಾನದ ಪದ್ಯ, ಕರುಣ ರಸದ್ದು ಬೇಡ. ವೇಷ ಕುಣಿತ ಇಲ್ಲದೆ ಕೂತು ಮಾತಾಡುವ ತಾಳಮದ್ದಳೆ ನಮ್ಮಲ್ಲಿ ಸರಿಬರಲಿಲ್ಲ. ಅರ್ಥದಾರಿಗಳ ಜೋರು ಮಾತು ಕೇಳಿ ಮನೆಯಲ್ಲಿ ಯಾರೋ ಜಗಳ ಮಾಡುತ್ತಿದ್ದಾರೆ ಎಂದು ಹೆದರುತ್ತಾರೆ.

ವಾರ್ಡಿನ ಸಿಸ್ಟರ್

ಅಣ್ಣ, ಬಹಳ ಒಳ್ಳೆಯ ಮಾತು. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಒಂದೇ ಬಗೆ ಅಲ್ಲ. ಲೂಯಿ ಬಾಡಿ ಎನ್ನುವ ಬಗೆಯಲ್ಲಿ ಇಲ್ಲದ ಜನ ಕಣ್ಣಿಗೆ ಕಾಣುತ್ತಾರೆ. ಅಂಥವರಿಗೆ ರೇಡಿಯೋದಲ್ಲಿ ಮಾತಾಡುವವರು ಕೋಣೆಯೊಳಗೆ ಇದ್ದ ಹಾಗೆ ಅನಿಸಬಹುದು. ಅವರಿಗೆ ಮಾತು ಕಡಿಮೆ, ವಾದ್ಯ ಜಾಸ್ತಿ ಇರುವುದನ್ನು ಕೊಟ್ಟು ನೋಡಿ. ಪಾರ್ಕಿನ್ಸನ್ ಜೊತೆಗಿದ್ದರೆ ಒಂದೇ ಸಮದ ತಾಳ ನಡಿಗೆಗೆ ಸಹಾಯ ಮಾಡುತ್ತದೆ. ಹೆಜ್ಜೆ ಕಿತ್ತಿಡಲು ಆಗದೆ ನಿಂತವರು ಚಪ್ಪಾಳೆಯ ತಾಳಕ್ಕೆ ಮುಂದೆ ಹೋಗುವುದನ್ನು ಫಿಸಿಯೋಥೆರಪಿಯವರು ದಿನಾ ಬಳಸುತ್ತಾರೆ.

ಬೆಂದೂರಿನ ಮಗಳು

ಮಮ್ಮಿಗೆ ಇಗರ್ಜಿಯ ಹಾಡುಗಳೆಲ್ಲ ಬಾಯಿಪಾಠ. ಕೊಂಕಣಿ ಕಾಂತಾರ್ (ಹಾಡು) ಹಾಕಿದರೆ ಎರಡನೇ ದನಿ ಕೂಡ ಸರಿಯಾಗಿ ಹಾಡುತ್ತಾರೆ. ಆದರೆ ಹಾಡಿನ ಪಟ್ಟಿ ನಾವೇ ಕೂತು ಮಾಡಬೇಕು. ಮೊಬೈಲ್ ತಾನೇ ಮುಂದಿನ ಹಾಡು ಆರಿಸಿಕೊಂಡಾಗ ಸಾವಿನ ಮನೆಯಲ್ಲಿ ಹಾಡುವ ಹಾಡು ಬಂತು. ಮಮ್ಮಿ "ಯಾರು ಹೋದರು?" ಎಂದು ಅಳಲು ಶುರು ಮಾಡಿದರು. ಹಾಡು ನಿಲ್ಲಿಸಿದ ಮೇಲೂ ದುಃಖ ಇಳಿಯಲಿಲ್ಲ. ಯಾಕೆ ಅಳುತ್ತಿದ್ದೇನೆ ಎನ್ನುವುದು ಮರೆತುಹೋಗಿತ್ತು, ಅಳು ಮಾತ್ರ ಉಳಿದಿತ್ತು.

ಈಗ ಮದುವೆಯ ಮುಂಚಿನ ರೋಸ್ ಶಾಸ್ತ್ರದ ದಿನ ಹಾಡುವ ವೊವಿಯೊ ಹಾಡು ನಾವೇ ಹೇಳುತ್ತೇವೆ. ನಾನೊಂದು ಸಾಲು, ಅವರೊಂದು ಸಾಲು. ಎಣ್ಣೆ ಹಚ್ಚುವಾಗ ಹೇಳುತ್ತೇನೆ. ತೆಂಗಿನ ಹಾಲು ಹಚ್ಚುವ ಶಾಸ್ತ್ರ ನೆನಪಾಗುತ್ತದೋ ಏನೋ, ತಾವಾಗಿ ತಲೆ ಬಗ್ಗಿಸುತ್ತಾರೆ.

ಅಳುವಿನ ಬಗ್ಗೆ ನನಗೂ ಒಂದು ಪ್ರಶ್ನೆ ಉಂಟು. ಕೆಲವು ಹಾಡಿಗೆ ಕಣ್ಣಲ್ಲಿ ನೀರು ಬರುತ್ತದೆ. ಆದರೆ ನಿಲ್ಲಿಸಿದರೆ ಮತ್ತೆ ಹಾಕು ಎಂದು ಕೈ ಮಾಡುತ್ತಾರೆ. ಇದು ಒಳ್ಳೆಯದಾ?

ವಾರ್ಡಿನ ಸಿಸ್ಟರ್

ಕಣ್ಣೀರು ಬಂದ ಕೂಡಲೇ ಗಾಬರಿಯಾಗಬೇಡಿ. ಮೈ ನೋಡಿ. ಭುಜ ಸಡಿಲವಾಗಿದ್ದರೆ, ನಿಮ್ಮ ಕಡೆ ನೋಡುತ್ತಿದ್ದರೆ, ಕೈ ಹಿಡಿದು ಕೂತಿರಿ. ಮುಷ್ಟಿ ಬಿಗಿಯಾದರೆ, ಉಸಿರು ಜೋರಾದರೆ, ಎದ್ದು ಹೋಗಲು ನೋಡಿದರೆ ಆಗ ನಿಲ್ಲಿಸಿ. ಥಟ್ಟನೆ ಆಫ್ ಮಾಡಬೇಡಿ. ಸದ್ದು ನಿಧಾನಕ್ಕೆ ಇಳಿಸಿ ಅವರಿಗೆ ಇಷ್ಟವಾದ ಇನ್ನೊಂದಕ್ಕೆ ಹೋಗಿ.

ಸುರತ್ಕಲ್ ಮಾಷ್ಟ್ರು

ಎಲ್ಲ ಓದಿದೆ. ಒಳ್ಳೆಯ ಮಾತುಗಳು. ಆದರೆ ನೋಡಿಕೊಳ್ಳುವವರ ಬಗ್ಗೆ ಯಾರೂ ಬರೆಯಲಿಲ್ಲ.

ನನಗೆ ಎಪ್ಪತ್ತನಾಲ್ಕು. ಹೆಂಡತಿಗೆ ಅರುವತ್ತೊಂಬತ್ತು. ಮಕ್ಕಳಿಬ್ಬರೂ ಹೊರಗೆ. ರಾತ್ರಿ ಎರಡು ಗಂಟೆಗೆ ಎದ್ದು ಸೀರೆಗಳನ್ನೆಲ್ಲ ಕಪಾಟಿನಿಂದ ತೆಗೆದು ಹಾಸಿಗೆ ಮೇಲೆ ಹಾಕುತ್ತಾಳೆ. ಮಡಚಿಟ್ಟರೆ ಮತ್ತೆ ತೆಗೆಯುತ್ತಾಳೆ. ಹೋಮ್ ನರ್ಸ್ ಒಬ್ಬರನ್ನು ಇಟ್ಟಿದ್ದೆವು. ಅವರು ಬೆಳಗಿನಿಂದ ರಾತ್ರಿಯವರೆಗೆ ಟೀವಿಯಲ್ಲಿ ಹಾಡು ಹಾಕಿ ತಾವು ಮೊಬೈಲ್ ನೋಡುತ್ತಿದ್ದರು. ಹಾಡು ಒಳ್ಳೆಯದು ಎಂದು ಏಜೆನ್ಸಿಯವರೇ ಹೇಳಿಕೊಟ್ಟರಂತೆ. ಹೆಂಡತಿ ಗೋಡೆ ನೋಡುತ್ತಾ ಕೂತಿರುತ್ತಿದ್ದಳು. ಆ ಹಾಡಿನಿಂದ ಯಾರಿಗೆ ಏನು ಉಪಯೋಗ?

ನಾನು ಮೊದಲು ಭಜನಾ ಮಂಡಳಿಯಲ್ಲಿ ಹಾಡುತ್ತಿದ್ದವನು. ಶನಿವಾರ ತಪ್ಪಿಸುತ್ತಿರಲಿಲ್ಲ. ಈಗ ಬಿಟ್ಟು ಬಹಳ ಕಾಲವಾಯಿತು. ಅವಳನ್ನು ಯಾರ ಹತ್ತಿರ ಬಿಟ್ಟು ಹೋಗಲಿ?

ಕಾಪುವಿನ ಸೊಸೆ

ಮಾಷ್ಟ್ರೇ, ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ಅವರನ್ನು ಬಿಟ್ಟು ಯಾಕೆ ಹೋಗಬೇಕು? ಕರೆದುಕೊಂಡೇ ಹೋಗಬಹುದಲ್ವಾ?

ಪಡುಬಿದ್ರಿಯವ

ಅದೇ ನಾನು ಹೇಳಬೇಕೆಂದಿದ್ದೆ. ಹೊರದೇಶಗಳಲ್ಲಿ ಇಂಥವರಿಗೂ ಮನೆಯವರಿಗೂ ಒಟ್ಟಿಗೆ ಕೂತು ಹಾಡಲು ಬೇರೆಯೇ ಗುಂಪು ಕಟ್ಟುತ್ತಾರೆ. ಇಂಗ್ಲೆಂಡಿನಲ್ಲಿ ಅಲ್ಜೈಮರ್ಸ್ ಸೊಸೈಟಿಯವರು ಅಂಥದ್ದನ್ನು ಎಷ್ಟೋ ವರ್ಷದಿಂದ ನಡೆಸುತ್ತಿದ್ದಾರೆ. ನಮ್ಮಲ್ಲಿ ಒಂದೊಂದು ಊರಿಗೂ ಭಜನಾ ಮಂದಿರ ಉಂಟು ಮಾರಾಯ್ರೆ! ಒಬ್ಬರು ಹೇಳಿ ಉಳಿದವರು ತಿರುಗಿ ಹೇಳುವ ಕ್ರಮ. ಪುಸ್ತಕ ನೋಡಬೇಕಾಗಿಲ್ಲ. ತಾಳ ಕೈಗೆ ಕೊಟ್ಟರೆ ಕೈ ತಾನೇ ಹಾಕುತ್ತದೆ. ತಪ್ಪು ಹಾಡಿದರೂ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಿಂತ ಹೊಂದುವ ಜಾಗ ಬೇರೆ ಯಾವುದು?

ವಾರ್ಡಿನ ಸಿಸ್ಟರ್

ಮಾಷ್ಟ್ರೇ, ನೀವು ಕೇಳಿದ್ದೇ ಮುಖ್ಯ ವಿಷಯ. ಹಾಡು ಹಾಕುವುದು ಬೇರೆ, ಜೊತೆಗೆ ಕೂತು ಹಾಡುವುದು ಬೇರೆ. ಇಡೀ ದಿನ ಓಡುವ ಹಾಡು ಸ್ವಲ್ಪ ಹೊತ್ತಿನ ನಂತರ ಫ್ಯಾನಿನ ಸದ್ದಿನ ಹಾಗೆ ಆಗಿಬಿಡುತ್ತದೆ. ಕಾಲು ಗಂಟೆ, ಅರ್ಧ ಗಂಟೆ ಸಾಕು. ಎದುರಿಗೆ ಕೂತು, ಮುಖ ಕಾಣುವ ಹಾಗೆ. ನಿಮ್ಮ ಸ್ವರ ಹೇಗಿದ್ದರೂ ಸರಿ. ಗಂಡನ ಸ್ವರ ಅವರಿಗೆ ಯಾವ ಗಾಯಕರ ಸ್ವರಕ್ಕಿಂತಲೂ ಹತ್ತಿರ.

ಭಜನೆಗೆ ಕರೆದುಕೊಂಡು ಹೋಗುವುದಾದರೆ ಪೂರ್ತಿ ಕೂರಬೇಡಿ. ಶುರುವಿನ ಅರ್ಧ ಗಂಟೆ ಸಾಕು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಳ್ಳಿ. ಮೈಕಿನ ಸ್ಪೀಕರ್ ಪಕ್ಕ ಬೇಡ. ಹೋಗುವ ಮೊದಲು ಬಾತ್‌ರೂಮಿಗೆ ಕರೆದುಕೊಂಡು ಹೋಗಿ. ಮಂಡಳಿಯವರಿಗೆ ಮೊದಲೇ ಹೇಳಿಡಿ. ಅರಳುಮರಳು ಎಂದು ನಗುವವರು ಇರುತ್ತಾರೆ. ಕಾಯಿಲೆ ಎಂದು ಗೊತ್ತಾದರೆ ಹೆಚ್ಚಿನವರು ಜಾಗ ಬಿಟ್ಟುಕೊಡುತ್ತಾರೆ.

ಹೋಮ್ ನರ್ಸ್ ಬಂದರೆ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ. ಯಾವ ಹಾಡು, ಯಾವ ಹೊತ್ತು, ಯಾವುದು ಹಾಕಲೇಬಾರದು ಎಂದು. ಎಷ್ಟೋ ಕಡೆ ಅವರು ಬೇರೆ ಜಿಲ್ಲೆಯವರು, ತುಳು ಕೊಂಕಣಿ ಬರುವುದಿಲ್ಲ. ಅವರನ್ನೂ ದೂರಿ ಪ್ರಯೋಜನ ಇಲ್ಲ.

ಇನ್ನೊಂದು ಮಾತು ಕಡ್ಡಾಯವಾಗಿ ಓದಿ. ಎರಡು ಮೂರು ದಿನದಲ್ಲಿ ಗೊಂದಲ ಒಮ್ಮೆಗೇ ಜಾಸ್ತಿಯಾದರೆ ಹಾಡು ಹುಡುಕುತ್ತಾ ಕೂರಬೇಡಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸ ಮಾತ್ರೆ, ನೀರು ಕಡಿಮೆ ಕುಡಿದದ್ದು ಇವುಗಳಿಂದಲೂ ಹಾಗೆ ಆಗುತ್ತದೆ. ಬೇಗ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆ ಬರುವುದಿಲ್ಲ ಎಂದು ಮಾತ್ರೆ ನೀವೇ ಏರಿಸಬೇಡಿ. ಕೆಲವು ಮಾನಸಿಕ ಔಷಧಿಗಳು ಡಿಮೆನ್ಶಿಯಾ ಇರುವ ಹಿರಿಯರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ.

ನಿಮಗೇ ತಡೆಯಲಾಗದಷ್ಟು ಬೇಸರವಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಹಿರಿಯರ ಸಹಾಯವಾಣಿ 14567 ಕೂಡ ಉಂಟು.

ಸುರತ್ಕಲ್ ಮಾಷ್ಟ್ರು

ನಂಬರ್ ಬರೆದಿಟ್ಟುಕೊಂಡೆ. ಮಂಡಳಿಯ ಅಧ್ಯಕ್ಷರು ನನ್ನ ಹಳೆಯ ವಿದ್ಯಾರ್ಥಿ. ಇವತ್ತೇ ಮಾತಾಡುತ್ತೇನೆ.

ಬೋಳಾರದವ

ನಮ್ಮ ಮನೆಯಲ್ಲಿ ಸಿನಿಮಾ ಹಾಡು ಹಾಕುವ ಕ್ರಮ ಇಲ್ಲ. ಉಮ್ಮನಿಗೆ ಕುರ್‌ಆನ್ ಪಾರಾಯಣ ಕೇಳಿದರೆ ಸಮಾಧಾನ, ಕೂತಲ್ಲೇ ತುಟಿ ಆಡುತ್ತದೆ. ಇದೂ ಲೆಕ್ಕಕ್ಕೆ ಬರುತ್ತದಾ? ಹಾಗೇ ಹರೆಯದಲ್ಲಿ ಮದುವೆ ಮನೆಗಳಲ್ಲಿ ಕೈ ತಟ್ಟಿ ಒಪ್ಪನೆ ಪಾಟ್ ಹಾಡುತ್ತಿದ್ದರಂತೆ. ಮಾಮಿ ಹತ್ತಿರ ಅದರ ಹಳೇ ಕ್ಯಾಸೆಟ್ ಉಂಟು, ಮನೆಯವರೇ ಹಾಡಿ ತುಂಬಿಸಿದ್ದು. ಕೇಳಲು ಟೇಪ್ ರೆಕಾರ್ಡರ್ ಇಲ್ಲ.

ಕುಂದಾಪ್ರದ ಮಗ

ಕ್ಯಾಸೆಟ್ ಬಿಸಾಡಬೇಡಿ ಭಾಯ್. ನೆಂಟರಲ್ಲಿ ಯಾರ ಅಟ್ಟದಲ್ಲಾದರೂ ಟೇಪ್ ರೆಕಾರ್ಡರ್ ಸಿಗುತ್ತದೆ. ಹಾಕುವ ಮೊದಲು ಕ್ಯಾಸೆಟ್ ಮೇಲೆ ಬೂಸ್ಟು ಹಿಡಿದಿದೆಯಾ ನೋಡಿ. ನಮ್ಮ ಮಳೆಗಾಲದಲ್ಲಿ ಅದು ಖಂಡಿತ ಹಿಡಿಯುತ್ತದೆ. ಬೂಸ್ಟಿದ್ದರೆ ಹಾಗೇ ಓಡಿಸಬೇಡಿ, ಟೇಪು ಹರಿಯಬಹುದು, ತಿಳಿದವರಿಗೆ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದೆ, ಒಮ್ಮೆ ಪೂರ್ತಿ ಹಿಂದೆ ಓಡಿಸಿ ಆಮೇಲೆ ಪ್ಲೇ ಮಾಡಿ. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ ರೆಕಾರ್ಡ್ ಮಾಡಿಕೊಂಡರೆ ಸದ್ದು ಚೆನ್ನಾಗಿ ಬರುತ್ತದೆ. ಅದು ಆಗದಿದ್ದರೆ ಕೋಣೆ ಬಾಗಿಲು ಹಾಕಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೂ ನಡೆಯುತ್ತದೆ.

ವಾರ್ಡಿನ ಸಿಸ್ಟರ್

ಪಾರಾಯಣ ಖಂಡಿತ ಲೆಕ್ಕಕ್ಕೆ ಬರುತ್ತದೆ ಅಣ್ಣ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಮಂತ್ರ, ರೋಜರಿ, ಕುರ್‌ಆನ್, ಶಾಲೆಯ ಮಗ್ಗಿ ಎಲ್ಲವೂ. ಕೈ ತಟ್ಟುವ ಹಾಡಿದ್ದರೆ ಇನ್ನೂ ಒಳ್ಳೆಯದು. ಮನೆಯ ಹೆಣ್ಣುಮಕ್ಕಳು ಸುತ್ತ ಕೂತು ತಟ್ಟಲಿ. ಮತ್ತೆ, ಯಾರೂ ಪರೀಕ್ಷೆ ಮಾಡಬೇಡಿ. "ಇದು ಯಾರ ಹಾಡು ಹೇಳಿ, ಮುಂದಿನ ಸಾಲು ಏನು" ಎಂದು ನೆಂಟರು ಕೇಳುವುದು ಜಾಸ್ತಿ. ಉತ್ತರ ಬಾರದೆ ಅವರ ಮುಖ ಸಣ್ಣದಾಗುವುದನ್ನು ನೋಡಲು ಆಗುವುದಿಲ್ಲ. ಮುಂದಿನ ಸಾಲು ನೀವೇ ಹಾಡಿ. ಬೇಕಿದ್ದರೆ ಅವರು ಸೇರಿಕೊಳ್ಳುತ್ತಾರೆ.

ಕಾಪುವಿನ ಸೊಸೆ

ಎಲ್ಲರಿಗೂ ತಿಳಿಸಬೇಕು ಅನಿಸಿತು. ಅತ್ತೆಯ ತಂಗಿ ಶಿರ್ವದಲ್ಲಿದ್ದಾರೆ. ಅವರನ್ನು ಕೇಳಿದೆ. ಅಕ್ಕ ತಂಗಿ ಇಬ್ಬರೂ ನಾಟಿಗೆ ಹೋಗುತ್ತಿದ್ದರಂತೆ. ಅತ್ತೆ ಪಾಡ್ದನ (ತುಳುವಿನ ಕಥೆಹಾಡು) ಎತ್ತಿ ಕೊಡುವವರು, ಉಳಿದವರು ಹಿಂದಿನಿಂದ ಹೇಳುವವರು. ಈ ಮನೆಗೆ ಬಂದ ಮೇಲೆ ಗದ್ದೆ ಇರಲಿಲ್ಲ, ಹಾಡೂ ನಿಂತಿತು. ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಚಿಕ್ಕತ್ತೆ ಫೋನಿನಲ್ಲೇ ಹಾಡಿ ಕಳಿಸಿದರು. ಭೂತದ (ದೈವದ) ಕಥೆ ಬರುವ ಪಾಡ್ದನ ಮನೆಯೊಳಗೆ ಸುಮ್ನೆ ಹೇಳುವುದು ಬೇಡ ಎಂದು ಅದನ್ನು ಬಿಟ್ಟು ನಾಟಿಯ ಕಬಿತ (ಕೆಲಸದ ಹಾಡು) ಮಾತ್ರ ಕಳಿಸಿದ್ದಾರೆ. ಅವರ ಮಾತಿಗೆ ಬೆಲೆ ಕೊಡಬೇಕಲ್ವಾ.

ಸ್ನಾನಕ್ಕೆ ಈಗ ಹೀಗೆ ಮಾಡುತ್ತೇನೆ. ಕೋಣೆಯಿಂದಲೇ ಹಾಡು ಶುರು. ಯಾವಾಗಲೂ ಅದೇ ಹಾಡು. ಸ್ಟೂಲಿನ ಮೇಲೆ ಕೂರಿಸಿ ಮೈಗೆ ಬೈರಾಸು (ಟವೆಲ್) ಹೊದಿಸಿ ಮೊದಲು ಕಾಲಿಗೆ ಬೆಚ್ಚಗಿನ ನೀರು. ತಲೆಗೆ ಕೊನೆಯಲ್ಲಿ. ಹಾಡು ನಿಲ್ಲಿಸಿದರೆ ಕೈ ಬಿಗಿಯಾಗುತ್ತದೆ, ಹಾಗಾಗಿ ಮುಗಿಯುವವರೆಗೂ ಹೇಳುತ್ತಲೇ ಇರುತ್ತೇನೆ. ಎಲ್ಲ ದಿನವೂ ಸುಲಭ ಎಂದು ಹೇಳುವುದಿಲ್ಲ. ಆದರೆ ಕೂಗಾಟ ಕಡಿಮೆಯಾಗಿದೆ.

ಸಂಜೆ ಕತ್ತಲಾಗುವ ಮೊದಲೇ ಲೈಟ್ ಹಾಕುತ್ತೇವೆ. ತಡ್ಪೆಯಲ್ಲಿ ಬರೀ ಎಲೆ, ನೂಲು ಹಾಕಿ ಮಡಿಲಲ್ಲಿ ಇಡುತ್ತೇವೆ. ಹೊಗೆಸೊಪ್ಪು ಇಲ್ಲ. ಎಲೆ ಸುತ್ತುತ್ತಾ ಗುನುಗುತ್ತಾರೆ. ಗೇಟಿಗೆ ಹೋಗುವುದು ಪೂರ್ತಿ ನಿಂತಿಲ್ಲ. ಹೋದರೆ ನಾನೂ ಜೊತೆಗೆ ಹೋಗಿ ರಸ್ತೆವರೆಗೆ ಹಾಡುತ್ತಾ ನಡೆದು ವಾಪಸ್ ಬರುತ್ತೇನೆ. ಇದೇ ನಿಮ್ಮ ಮನೆ ಎಂದು ವಾದ ಮಾಡುವುದು ಬಿಟ್ಟಿದ್ದೇನೆ.

ಬೆಂದೂರಿನ ಮಗಳು

ಚಿಕ್ಕತ್ತೆಯ ಹತ್ತಿರ ಉಳಿದ ಹಾಡುಗಳನ್ನೂ ಈಗಲೇ ತುಂಬಿಸಿಕೊಳ್ಳಿ ಅಕ್ಕ. ನಮ್ಮ ಮನೆಯಲ್ಲಿ ಕೂಡ ಎಲ್ಲರ ಇಷ್ಟದ ಹಾಡು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ನನ್ನದೂ ಉಂಟು, ನನ್ನ ಅತ್ತೆ ಮಾವನದೂ ಉಂಟು. ಯಾರಿಗೆ ಯಾವಾಗ ಬೇಕಾಗುತ್ತದೋ ಗೊತ್ತಿಲ್ಲವಲ್ಲ.

ಸುರತ್ಕಲ್ ಮಾಷ್ಟ್ರು

ಅಧ್ಯಕ್ಷರು ಒಪ್ಪಿದ್ದಾರೆ. ಮುಂದಿನ ಶನಿವಾರದಿಂದ ಮೊದಲ ಅರ್ಧ ಗಂಟೆ ಹಳೆಯ ಭಜನೆಗಳು ಮಾತ್ರ, ನಿಧಾನ ಲಯದಲ್ಲಿ, ಮೈಕ್ ಇಲ್ಲದೆ. ಬಾಗಿಲ ಹತ್ತಿರ ನಾಲ್ಕು ಕುರ್ಚಿ ಹಾಕಿಸುತ್ತಾರಂತೆ. ಎರಡು ನಮಗೆ. ಸುರತ್ಕಲ್, ಹೊಸಬೆಟ್ಟು, ಕುಳಾಯಿ ಕಡೆ ಇಂಥವರು ಇರುವ ಮನೆಯವರು ನನಗೆ ಮೆಸೇಜ್ ಮಾಡಿ. ಇನ್ನೆರಡು ಖಾಲಿ ಉಂಟು. ಕತ್ತಲಾಗುವ ಮೊದಲು ಮನೆ ಮುಟ್ಟುವ ಹಾಗೆ ಸಂಜೆ ಐದಕ್ಕೇ ಶುರು.

ಪಡುಬಿದ್ರಿಯವ

ಮಾಷ್ಟ್ರೇ, ಒಂದು ಕುರ್ಚಿ ಅಪ್ಪನಿಗೆ ಇಡಿ. ಅವರಿಗೆ ಭಜನೆ ಬಾರದು, ಆದರೆ ತಾಳ ಕೊಟ್ಟರೆ ಬಿಡುವವರಲ್ಲ. ಇನ್ನೊಂದರಲ್ಲಿ ನಾನು ಕೂರುತ್ತೇನೆ. ಬೇರೆ ಯಾರಾದರೂ ಬಂದರೆ ನನಗೆ ನೆಲ ಸಾಕು.